ಒತ್ತದೆ ಬರೆಯುವ ಕೈ: ಇಂಕ್ ಪೆನ್ನು ಅಕ್ಷರವನ್ನು ತಿದ್ದುವುದು ಹೇಗೆ

(ದಾವಣಗೆರೆಯಲ್ಲಿ ಶಿಕ್ಷಕರು ಮತ್ತು ಪೋಷಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ಮಕ್ಕಳ ನೋಟ್ ಪುಸ್ತಕ ತಂದಿರುವವರು ಅದನ್ನು ಒಮ್ಮೆ ಕೈಗೆ ತೆಗೆದುಕೊಳ್ಳಿ. ಬರೆದಿರುವ ಒಂದು ಹಾಳೆ ತಿರುಗಿಸಿ. ಅಕ್ಷರ ನೋಡಬೇಡಿ. ಹಾಳೆಯ ಹಿಂಬದಿಯ ಮೇಲೆ ಬೆರಳು ಆಡಿಸಿ. ಉಬ್ಬು ತಗ್ಗು ಕೈಗೆ ಸಿಗುತ್ತದೆ ಅಲ್ವಾ? ಕೆಲವರ ಪುಸ್ತಕದಲ್ಲಿ ಆ ಉಬ್ಬು ಮುಂದಿನ ಎರಡು ಮೂರು ಹಾಳೆಗೂ ಇಳಿದಿರುತ್ತದೆ. ಇವತ್ತು ನಾನು ಮಾತನಾಡುವುದು ಮುಖ್ಯವಾಗಿ ಆ ಉಬ್ಬಿನ ಬಗ್ಗೆ.

ನಮ್ಮ ಹಿರಿಯರು ಒಂದು ಮಾತು ಹೇಳುತ್ತಿದ್ದರು. ಇಂಕ್ ಪೆನ್ನಲ್ಲಿ ಬರಿ, ಅಕ್ಷರ ತಾನೇ ದುಂಡಗಾಗುತ್ತದೆ ಅಂತ. ಆ ಮಾತಿನಲ್ಲಿ ಹುರುಳಿದೆ. ಆದರೆ ಯಾಕೆ ದುಂಡಗಾಗುತ್ತದೆ ಎಂದು ಯಾರೂ ಬಿಡಿಸಿ ಹೇಳಲಿಲ್ಲ. ಕಾರಣ ತಿಳಿಯದೆ ಪೆನ್ನು ಕೊಡಿಸಿದರೆ ಏನಾಗುತ್ತದೆ ಎನ್ನುವುದನ್ನು ನೀವೂ ನೋಡಿರುತ್ತೀರಿ. ಮೊದಲ ದಿನ ಸಂಭ್ರಮ. ಎರಡನೇ ದಿನ ಬಿಳಿ ಅಂಗಿಗೆ ಮಸಿ. ಮೂರನೇ ದಿನ ನಿಬ್ಬು ಕೆರೆಯುತ್ತದೆ ಎಂಬ ದೂರು. ಆಮೇಲೆ ಪೆನ್ನು ಡ್ರಾಯರ್ ಸೇರುತ್ತದೆ, ಮಗು ಬಾಲ್ ಪೆನ್ನಿಗೆ ವಾಪಸ್. ಹಾಗಾಗಿ ಮೊದಲು ಕಾರಣ ನೋಡೋಣ.

ಬಾಲ್ ಪೆನ್ನಿನ ತುದಿಯಲ್ಲಿ ಒಂದು ಸಣ್ಣ ಗುಂಡು ಇದೆ. ಅದರ ಹಿಂದೆ ಎಣ್ಣೆ ಬೆರೆತ ಗಟ್ಟಿ ಮಸಿ ಇದೆ. ಗುಂಡು ಉರುಳಿದರೆ ಮಾತ್ರ ಮಸಿ ಕಾಗದಕ್ಕೆ ಬರುತ್ತದೆ. ಗುಂಡು ಉರುಳಬೇಕೆಂದರೆ ಅದನ್ನು ಕಾಗದಕ್ಕೆ ಒತ್ತಬೇಕು. ಪೆನ್ನನ್ನು ಜಾಸ್ತಿ ಮಲಗಿಸಿದರೆ ಗುಂಡಿನ ಸುತ್ತಲಿನ ಲೋಹದ ಅಂಚೇ ಕಾಗದಕ್ಕೆ ತಾಗುತ್ತದೆ, ಗೆರೆ ತಪ್ಪುತ್ತದೆ. ಅದಕ್ಕೆ ಪೆನ್ನನ್ನು ನೆಟ್ಟಗೆ ನಿಲ್ಲಿಸಿಕೊಂಡು ಬರೆಯಬೇಕಾಗುತ್ತದೆ. ಒತ್ತು, ನೆಟ್ಟಗೆ ಹಿಡಿ. ಈ ಎರಡು ಪಾಠವನ್ನು ಬಾಲ್ ಪೆನ್ನು ಮಗುವಿಗೆ ದಿನವೂ ಹೇಳಿಕೊಡುತ್ತದೆ. ಬಾಯಿ ಬಿಟ್ಟು ಹೇಳುವುದಿಲ್ಲ, ಕೈಗೇ ಕಲಿಸಿಬಿಡುತ್ತದೆ.

ಬಾಲ್ ಪೆನ್ನನ್ನು ಬೈಯುವುದು ನನ್ನ ಉದ್ದೇಶವಲ್ಲ. ಅದರ ಹುಟ್ಟಿನ ಕಥೆಯೇ ಚೆನ್ನಾಗಿದೆ. ಲಾಸ್ಲೊ ಬೀರೊ ಎಂಬ ಹಂಗೇರಿಯ ಪತ್ರಕರ್ತ. ಪತ್ರಿಕೆ ಅಚ್ಚು ಹಾಕುವ ಮಸಿ ಬೇಗ ಒಣಗುತ್ತದೆ, ಕೈಗೆ ಹತ್ತುವುದಿಲ್ಲ ಎನ್ನುವುದನ್ನು ಆತ ಗಮನಿಸಿದ. ಅದೇ ಮಸಿಯನ್ನು ಇಂಕ್ ಪೆನ್ನಿಗೆ ತುಂಬಿದರೆ ಅದು ಇಳಿಯಲೇ ಇಲ್ಲ, ಅಷ್ಟು ಮಂದ. ಆಗ ಗುಂಡಿನ ತುದಿಯ ಮೇಲೆ ಕೆಲಸ ಮಾಡಿದ. ರಸಾಯನಶಾಸ್ತ್ರ ಬಲ್ಲ ಸಹೋದರ ಮಸಿಗೆ ನೆರವಾದ. 1938ರಲ್ಲಿ ಪೇಟೆಂಟ್ ಸಿಕ್ಕಿತು. ಜೇಬಿನಲ್ಲಿ ಸೋರದ, ಎಲ್ಲಿ ಬೇಕಾದರೂ ಬರೆಯುವ, ಅಗ್ಗದ ಪೆನ್ನು ಜಗತ್ತಿಗೆ ದೊರೆಯಿತು. ಕಾರ್ಬನ್ ಇಟ್ಟು ರಸೀದಿ ಬರೆಯುವವರಿಗೆ ಇವತ್ತಿಗೂ ಅದೇ ಸರಿಯಾದ ಪೆನ್ನು. ಅಲ್ಲಿ ಒತ್ತಲೇಬೇಕು. ಆದರೆ ಅಕ್ಷರ ಇನ್ನೂ ಕೂರದ ಎಳೆಯ ಕೈಗೆ ಒತ್ತುವ ಪೆನ್ನು ಯಾಕೆ?

ಇಂಕ್ ಪೆನ್ನಿನ ಕೆಲಸ ಬೇರೆ. ಅದರ ಮಸಿ ನೀರಿನದು, ತೆಳು. ನಿಬ್ಬಿನ ನಡುವೆ ಕೂದಲೆಳೆಯಷ್ಟು ಸೀಳು. ನಿಬ್ಬಿನ ಕೆಳಗೆ ನಾವು ನಾಲಿಗೆ ಅನ್ನುತ್ತೇವಲ್ಲ, ಆ ತುಂಡು. ಅದರಲ್ಲಿ ಸಣ್ಣ ಕಾಲುವೆಗಳು. ಮಸಿ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಲು ಅದರಲ್ಲೇ ದಾರಿ. ಅಮೆರಿಕದ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದದ್ದು ಈ ನಾಲಿಗೆಯ ಏರ್ಪಾಡಿಗೇ. ಅದಕ್ಕಿಂತ ಮೊದಲೂ ಪೆನ್ನುಗಳಿದ್ದವು, ಆದರೆ ಒಂದೋ ಮಸಿ ಬರುತ್ತಿರಲಿಲ್ಲ, ಇಲ್ಲ ಒಮ್ಮೆಗೇ ಸುರಿಯುತ್ತಿತ್ತು. ದೇವರ ಮುಂದಿನ ದೀಪದಲ್ಲಿ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆದುಕೊಳ್ಳುವುದೂ, ಈ ಸೀಳಿನಲ್ಲಿ ಮಸಿ ತುದಿಗೆ ಬಂದು ನಿಲ್ಲುವುದೂ ಒಂದೇ ಗುಣದಿಂದ. ಮಸಿ ಆಗಲೇ ತುದಿಯಲ್ಲಿ ಕಾದಿದೆ. ನಿಬ್ಬು ಕಾಗದಕ್ಕೆ ಸೋಕಿದರೆ ಸಾಕು, ಕಾಗದವೇ ಎಳೆದುಕೊಳ್ಳುತ್ತದೆ. ಒತ್ತುವ ಕೆಲಸವೇ ಇಲ್ಲ.

ಒತ್ತಿದರೆ? ನಿಬ್ಬಿನ ಎರಡು ಎಸಳು ಅಗಲವಾಗುತ್ತವೆ. ಗೆರೆ ದಪ್ಪಗಾಗುತ್ತದೆ, ಇಲ್ಲವೇ ನಡುವೆ ಬಿಳಿ ಉಳಿದು ಜೋಡಿಗೆರೆಯಾಗುತ್ತದೆ. ಕಾಗದ ಕೆರೆಯುವ ಸದ್ದು ಬರುತ್ತದೆ. ಪೆನ್ನು ಆ ಕ್ಷಣವೇ ದೂರು ಹೇಳುತ್ತದೆ. ನಾವು ಮೇಷ್ಟ್ರು, ತಂದೆ ತಾಯಿ, ಎಷ್ಟು ಸಲ "ಮೆಲ್ಲಗೆ ಬರಿ, ಮೆಲ್ಲಗೆ ಬರಿ" ಎಂದು ಹೇಳಲು ಸಾಧ್ಯ? ನಾವು ಪಕ್ಕದಲ್ಲಿ ಇಲ್ಲದಾಗಲೂ ಇಂಕ್ ಪೆನ್ನು ಅದನ್ನು ಹೇಳುತ್ತಲೇ ಇರುತ್ತದೆ. ಹಿರಿಯರ ಮಾತಿನಲ್ಲಿರುವ ಹುರುಳು ಇದೇ ಎಂದು ನನ್ನ ನಂಬಿಕೆ.

ಈಗ ಒತ್ತುವುದಕ್ಕೂ ಕೆಟ್ಟ ಅಕ್ಷರಕ್ಕೂ ಏನು ಸಂಬಂಧ ಎನ್ನುವುದಕ್ಕೆ ಬರುತ್ತೇನೆ. ನಿಮ್ಮ ಕೈಯಲ್ಲಿರುವ ಪೆನ್ನನ್ನು ಗಟ್ಟಿಯಾಗಿ ಅದುಮಿ ಹಿಡಿಯಿರಿ. ಇನ್ನೂ ಗಟ್ಟಿ. ಹಾಗೇ ಹಿಡಿದುಕೊಂಡು ಗಾಳಿಯಲ್ಲಿ ಒಂದು ಸಣ್ಣ ಸೊನ್ನೆ ಸುತ್ತಿ. ಸುತ್ತುವುದಕ್ಕೆ ಆಗುತ್ತಿಲ್ಲ ನೋಡಿ. ಬೆರಳು ಸೆಟೆದುಕೊಂಡಿವೆ, ಸೊನ್ನೆಗೆ ಮೂಲೆಗಳು ಬರುತ್ತಿವೆ. ಬ್ರೇಕ್ ಹಿಡಿದುಕೊಂಡೇ ಸೈಕಲ್ ತುಳಿದ ಹಾಗೆ ಇದು. ಈಗ ಸಡಿಲ ಬಿಟ್ಟು ಸುತ್ತಿ. ಸೊನ್ನೆ ಸೊನ್ನೆಯಾಗಿಯೇ ಬಂತು.

ಈ ಕಷ್ಟ ಕನ್ನಡಕ್ಕೆ ಜಾಸ್ತಿ. ಇಂಗ್ಲಿಷಿನಲ್ಲಿ ನೇರ ಗೆರೆ ಬೇಕಾದಷ್ಟಿವೆ. ನಮ್ಮದು ಸುತ್ತುಗಳ ಲಿಪಿ. ತಾಳೆಗರಿಯ ಮೇಲೆ ಕಬ್ಬಿಣದ ಕಂಟದಿಂದ, ಅಂದರೆ ಚೂಪು ಮೊನೆಯ ಲೇಖನಿಯಿಂದ, ಕೊರೆದು, ಆಮೇಲೆ ಮಸಿ ಬಳಿದು ಒರೆಸುತ್ತಿದ್ದರು. ಗರಿಯ ನಾರಿನ ಉದ್ದಕ್ಕೆ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ, ಅದಕ್ಕೇ ನಮ್ಮ ಅಕ್ಷರಗಳು ದುಂಡಗಾದವು ಎಂದು ಲಿಪಿ ಬಲ್ಲವರು ಹೇಳುತ್ತಾರೆ. ರ ಬರೆಯಿರಿ, ಠ ಬರೆಯಿರಿ, ಣ ಬರೆಯಿರಿ, ಊ ಬರೆಯಿರಿ. ಬೆರಳು ಎಡಕ್ಕೆ, ಕೆಳಗೆ, ಬಲಕ್ಕೆ, ಮೇಲಕ್ಕೆ ಎಲ್ಲ ಕಡೆಗೂ ಹೊರಳಬೇಕು. ಅದುಮಿ ಹಿಡಿದ ಕೈ ಹೊರಳುವುದಿಲ್ಲ. ಹೊರಳದಿದ್ದರೆ ಸುತ್ತು ಮುರಿದು ಮೂಲೆಯಾಗುತ್ತದೆ. ಕಾಗೆ ಕಾಲು ಗುಬ್ಬಿ ಕಾಲು ಎಂದು ನಾವು ಬೈಯುವ ಬರಹ ಬಹುಪಾಲು ಹೀಗೆ ಮುರಿದ ಸುತ್ತುಗಳೇ.

ಇನ್ನೊಂದು ವಿಷಯ ಇದೆ. ಕನ್ನಡದಲ್ಲಿ ನಾವು ಪೆನ್ನನ್ನು ಮತ್ತೆ ಮತ್ತೆ ಎತ್ತಿ ಇಡುತ್ತೇವೆ. "ಲಕ್ಷ್ಮೀ" ಎಂದು ಬರೆದು ನೋಡಿ. ಲ ಮುಗಿಸಿ ಎತ್ತಬೇಕು. ಕ ಬರೆದು ಅದರ ಗುಡಿಸು, ದೀರ್ಘ. ಆಮೇಲೆ ಕೆಳಗೆ ಇಳಿದು ಷ ಒತ್ತು, ಅದರ ಪಕ್ಕ ಮ ಒತ್ತು. ಪ್ರತಿ ಸಲ ಇಟ್ಟಾಗಲೂ ಗೆರೆ ಹೊಸದಾಗಿ ಶುರುವಾಗಬೇಕು. ಬಾಲ್ ಪೆನ್ನು ಕೆಲವೊಮ್ಮೆ ಮೊದಲ ಚೂರು ಗೆರೆಯನ್ನು ನುಂಗಿಬಿಡುತ್ತದೆ. ನುಂಗದಿರಲಿ ಎಂದು ಮಗು ಇಡುವಾಗಲೇ ಒತ್ತಿ ಇಡುತ್ತದೆ. ಒಂದು ಪುಟದಲ್ಲಿ ಇಂಥ ಒತ್ತಡ ನೂರಾರು ಸಲ. ಮಣಿಕಟ್ಟು ನೋಯದೆ ಇನ್ನೇನಾಗುತ್ತದೆ?

ಲಿಪಿಯ ಮಾತು ಬಂತಲ್ಲ, ಒಂದು ವಿಷಯ ಹೇಳಿ ಮುಂದೆ ಹೋಗುತ್ತೇನೆ. ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ. 1892ರಲ್ಲಿ ಶಾಸನ ತಜ್ಞ ಬಿ.ಎಲ್. ರೈಸ್ ಅದನ್ನು ಪತ್ತೆ ಮಾಡಿದರು. ಅದರ ಕೊನೆಯಲ್ಲಿ ಬರೆದವನು ತನ್ನ ಹೆಸರು ಬರೆದಿದ್ದಾನೆ. ಚಪಡ ಅಂತ. ಶಾಸನವೆಲ್ಲ ಬ್ರಾಹ್ಮಿಯಲ್ಲಿದೆ. ಆದರೆ ತಾನು ಲಿಪಿಕಾರ ಎನ್ನುವ ಒಂದು ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ವಾಯವ್ಯ ಭಾರತದ ಲಿಪಿ, ಬಲದಿಂದ ಎಡಕ್ಕೆ ಸಾಗುತ್ತದೆ. ಎರಡು ಸಾವಿರ ವರ್ಷಕ್ಕೂ ಹಿಂದೆ, ಎರಡು ಲಿಪಿ ಬಲ್ಲ ಒಬ್ಬ ಬರಹಗಾರ ನಮ್ಮ ನೆಲದ ಬಂಡೆಯ ಮೇಲೆ ಹೆಮ್ಮೆಯಿಂದ ಸಹಿ ಹಾಕಿ ಹೋಗಿದ್ದಾನೆ. ಅಕ್ಷರ ಬರೆಯುವುದೇ ಒಂದು ಕಸುಬು, ಅದಕ್ಕೊಂದು ಮರ್ಯಾದೆ ಇದೆ ಎನ್ನುವುದು ನಮ್ಮ ಸೀಮೆಗೆ ಹೊಸದಲ್ಲ. ಮಕ್ಕಳನ್ನು ಹರಿಹರೇಶ್ವರ ದೇವಸ್ಥಾನಕ್ಕೆ ಕರೆದುಕೊಂಡು ಹೋದಾಗ ಸುಮ್ನೆ ಕೈ ಮುಗಿಸಿ ವಾಪಸ್ ತರಬೇಡಿ. ಅಲ್ಲಿನ ಶಾಸನದ ಕಲ್ಲುಗಳ ಮುಂದೆ ನಿಲ್ಲಿಸಿ. ಓದಲು ಬಾರದಿದ್ದರೂ ಪರವಾಗಿಲ್ಲ. ಸಾಲು ಹೇಗೆ ನೇರವಾಗಿದೆ, ಒಂದು ಅಕ್ಷರದಿಂದ ಇನ್ನೊಂದಕ್ಕೆ ಎಷ್ಟು ಜಾಗ ಬಿಟ್ಟಿದ್ದಾರೆ, ಅದಷ್ಟನ್ನೇ ನೋಡಲಿ.

ಸರಿ, ಪೆನ್ನಿಗೆ ಬರೋಣ. ಒಂಬತ್ತನೇ ತರಗತಿಯ ಒಬ್ಬ ಹುಡುಗನ ಬಗ್ಗೆ ಹೇಳುತ್ತೇನೆ. ಪಾಠ ಚೆನ್ನಾಗಿ ಬರುತ್ತಿತ್ತು. ಬಾಯಲ್ಲಿ ಕೇಳಿದರೆ ಪೂರ್ತಿ ಹೇಳುತ್ತಿದ್ದ. ಬರೆದದ್ದನ್ನು ಓದಲು ಆಗುತ್ತಿರಲಿಲ್ಲ. ಮೊದಲ ಅರ್ಧ ಪುಟ ಸುಮಾರಾಗಿ ಇರುತ್ತಿತ್ತು. ಆಮೇಲೆ ಅಕ್ಷರ ದೊಡ್ಡದಾಗುತ್ತಾ, ಸಾಲು ಮೇಲೇರುತ್ತಾ ಹೋಗುತ್ತಿತ್ತು. ಅವನ ಮಧ್ಯದ ಬೆರಳಿನ ಮೇಲೆ ಗಟ್ಟಿ ಗಂಟು. ಬರೆಯುವಾಗ ಉಗುರಿನ ತುದಿ ಬಿಳುಪಾಗುತ್ತಿತ್ತು, ಅಷ್ಟು ಅದುಮಿ ಹಿಡಿಯುತ್ತಿದ್ದ. ಅವನಿಗೆ ಅಕ್ಷರದ ರೂಪ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿದ್ದರೆ ತಾನೇ ಮೊದಲ ಅರ್ಧ ಪುಟ ಚೆನ್ನಾಗಿ ಬರುವುದು? ಕೈ ಸೋಲುತ್ತಿತ್ತು.

ಇಂಕ್ ಪೆನ್ನು ಕೊಟ್ಟ ಮೊದಲ ವಾರ ಅವನ ಅಕ್ಷರ ಇನ್ನೂ ಕೆಟ್ಟಿತು. ಇದನ್ನು ನೀವು ಗಮನವಿಟ್ಟು ಕೇಳಿ, ಏಕೆಂದರೆ ಹೆಚ್ಚಿನ ಪೋಷಕರು ಕೈ ಬಿಡುವುದು ಇಲ್ಲೇ. ಒತ್ತುವ ಅಭ್ಯಾಸ ಹೋಗಿಲ್ಲ, ಹಗುರ ಅಭ್ಯಾಸ ಬಂದಿಲ್ಲ. ನಡುವಿನ ದಿನಗಳು ಅವು. ಎರಡನೇ ವಾರದಿಂದ ಕೆರೆಯುವ ಸದ್ದು ಕಡಿಮೆಯಾಯಿತು. ತಿಂಗಳು ಕಳೆಯುವ ಹೊತ್ತಿಗೆ ಪುಟದ ಮೊದಲ ಸಾಲೂ ಕೊನೆಯ ಸಾಲೂ ಒಂದೇ ಅಳತೆಗೆ ಬಂದಿದ್ದವು. ಮುತ್ತು ಪೋಣಿಸಿದ ಹಾಗಿತ್ತು ಎಂದು ನಾನು ಹೇಳುವುದಿಲ್ಲ. ಓದಲು ಬರುತ್ತಿತ್ತು. ಅವನಿಗೆ ಬೇಕಾಗಿದ್ದದ್ದು ಅದೇ.

ಇಲ್ಲಿ ಪೆನ್ನು ಮಾಡಿದ್ದು ಎಷ್ಟು, ಹುಡುಗ ಮಾಡಿದ್ದು ಎಷ್ಟು? ಪೆನ್ನು ಒತ್ತಡ ತೆಗೆಯಿತು. ಉಳಿದದ್ದೆಲ್ಲ ಅವನದು. ಪೆನ್ನು ಕೊಡಿಸಿದ ಮಾತ್ರಕ್ಕೆ ಅಕ್ಷರ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಧ ಬರೆಯಲು ಬಾರದವನಿಗೆ ಯಾವ ಪೆನ್ನೂ ಧ ಬರೆದುಕೊಡುವುದಿಲ್ಲ.

ಈಗ ಹಿಡಿಯುವುದು ಹೇಗೆ ಅಂತ ನೋಡೋಣ. ಹೆಬ್ಬೆರಳು ಮತ್ತು ತೋರುಬೆರಳು ಎರಡೂ ಬದಿಯಿಂದ ಪೆನ್ನಿಗೆ ತಾಗಲಿ. ಕೆಳಗಿನಿಂದ ಮಧ್ಯದ ಬೆರಳಿನ ಪಕ್ಕ ಆಸರೆ ಕೊಡಲಿ. ಪೆನ್ನಿನ ಹಿಂಭಾಗ ತೋರುಬೆರಳಿನ ಬುಡದ ಕಡೆಗೆ ಒರಗಿರಲಿ. ಕಾಗದಕ್ಕೆ ಸುಮಾರು 45ರಿಂದ 55 ಡಿಗ್ರಿ ಓರೆ ಇರಲಿ. ಬಾಲ್ ಪೆನ್ನಿನಿಂದ ಬಂದವರಿಗೆ ಇದು ಪೆನ್ನು ಬಿದ್ದೇ ಹೋಯಿತೇನೋ ಎನ್ನುವಷ್ಟು ಮಲಗಿದ ಹಾಗೆ ಅನಿಸುತ್ತದೆ. ಸರಿಯಾದದ್ದು ಅದೇ. ನಿಬ್ಬಿನ ಮುಖ ಆಕಾಶ ನೋಡಬೇಕು. ಪೆನ್ನನ್ನು ಬೆರಳಿನ ನಡುವೆ ತಿರುಗಿಸಿದರೆ ಒಂದು ಎಸಳು ಮಾತ್ರ ಕಾಗದಕ್ಕೆ ತಾಗುತ್ತದೆ, ಆಗ ಗೀರುತ್ತದೆ. ಬಾಲ್ ಪೆನ್ನನ್ನು ಹೇಗೆ ತಿರುಗಿಸಿ ಹಿಡಿದರೂ ನಡೆಯುತ್ತದೆ, ಇದನ್ನು ಹಾಗೆ ಹಿಡಿಯುವಂತಿಲ್ಲ. ದಿನವೂ ಒಂದೇ ರೀತಿ ಹಿಡಿಯಲೇಬೇಕಾಗುತ್ತದೆ. ಹಿಡಿತ ಒಂದೇ ಆದರೆ ಅಕ್ಷರದ ವಾಲು ಒಂದೇ ಆಗುತ್ತದೆ. ಒಂದು ಪುಟ ಅಚ್ಚುಕಟ್ಟಾಗಿ ಕಾಣಲು ಅರ್ಧ ಕಾರಣ ಇದೇ: ಎಲ್ಲ ಅಕ್ಷರವೂ ಒಂದೇ ಕಡೆ ವಾಲಿರುವುದು.

ಜರ್ಮನಿಯಲ್ಲಿ ಶಾಲೆ ಮಕ್ಕಳಿಗಾಗಿಯೇ ಇಂಕ್ ಪೆನ್ನು ತಯಾರಿಸುತ್ತಾರೆ. ಪೆಲಿಕಾನ್ ಕಂಪನಿಯ ಪೆಲಿಕಾನೊ 1960ರಲ್ಲಿ ಬಂತು. ಲ್ಯಾಮಿ ಕಂಪನಿಯ ಸಫಾರಿ 1980ರಲ್ಲಿ. ಸಫಾರಿಯಲ್ಲಿ ಬೆರಳು ಇಡುವ ಜಾಗವನ್ನೇ ತಗ್ಗು ಮಾಡಿ ತೋರಿಸಿದ್ದಾರೆ. ಬೇರೆ ಕಡೆ ಹಿಡಿದರೆ ಹಿತವಾಗುವುದಿಲ್ಲ. ನಮ್ಮಲ್ಲಿ ಅಷ್ಟು ದುಡ್ಡು ಸುರಿಯಬೇಕಾಗಿಲ್ಲ. ಪೆನ್ನಿನ ಹಿಡಿಯ ಮೇಲೆ ನಿಬ್ಬಿನ ನೇರಕ್ಕೆ ಒಂದು ಬಣ್ಣದ ಚುಕ್ಕೆ ಇಟ್ಟುಕೊಡಿ. ಚುಕ್ಕೆ ಸದಾ ಮೇಲಿರಲಿ ಎಂದು ಹೇಳಿ. ಎಳೆಯರಿಗೆ ಇದು ಬೇಗ ಹಿಡಿಸುತ್ತದೆ.

ಕೂರುವ ಬಗ್ಗೆಯೂ ಒಂದು ಮಾತು. ನಮ್ಮ ಮಂಡಿಪೇಟೆಯ ಹಳೇ ದಲಾಲಿ ಅಂಗಡಿಗಳಲ್ಲಿ ಗಾದಿಯ ಮೇಲೆ ಕೂತು ಬರೆಯುತ್ತಿದ್ದ ಗುಮಾಸ್ತರು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಎದುರಿಗೆ ಗಿಡ್ಡ ಕಾಲಿನ ಇಳಿಜಾರು ಡೆಸ್ಕು. ಕಿರ್ದಿ, ಖಾತೆ ಪುಸ್ತಕ ಎಲ್ಲ ಅದರ ಮೇಲೆ. ದಿನವಿಡೀ ಬರೆದರೂ ಸಂಜೆಯ ಸಾಲು ಬೆಳಗಿನ ಸಾಲಿನಂತೆಯೇ ಇರುತ್ತಿತ್ತು. ಆ ಇಳಿಜಾರು ಶೋಕಿಗೆ ಮಾಡಿದ್ದಲ್ಲ. ಅದರಿಂದ ಮುಂಗೈ ಪೂರ್ತಿ ಹಲಗೆಯ ಮೇಲೆ ಒರಗುತ್ತದೆ, ಕತ್ತು ಬಗ್ಗುವುದು ಕಡಿಮೆಯಾಗುತ್ತದೆ. ನಮ್ಮ ಮಕ್ಕಳು ಮಂಚದ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ, ಇಲ್ಲವೇ ತೊಡೆಯ ಮೇಲೆ ಪುಸ್ತಕ ಇಟ್ಟು ಬರೆಯುತ್ತಾರೆ. ಇಂಕ್ ಪೆನ್ನಿಗೆ ಅದು ಆಗಿಬರುವುದಿಲ್ಲ. ಪರೀಕ್ಷೆಗೆ ಬಳಸುವ ರಟ್ಟಿನ ಕೆಳಗೆ ಎರಡು ದಪ್ಪ ಪುಸ್ತಕ ಇಟ್ಟು ಓರೆ ಮಾಡಿಕೊಡಿ, ಸಾಕು.

ನಿಬ್ಬಿನ ಆಯ್ಕೆ ದೊಡ್ಡ ವಿಷಯ. ಅಂಗಡಿಯಲ್ಲಿ ಮೀಡಿಯಂ ನಿಬ್ಬು ಕೊಡುತ್ತಾರೆ. ಬರೆದು ನೋಡಿದರೆ ಬೆಣ್ಣೆಯಂತೆ ಜಾರುತ್ತದೆ, ಖುಷಿಯಾಗುತ್ತದೆ. ಇಂಗ್ಲಿಷಿಗೆ ಅದು ಸರಿ. ಕನ್ನಡಕ್ಕೆ ಫೈನ್ ನಿಬ್ಬೇ ಬೇಕು ಎನ್ನುತ್ತೇನೆ. ಯಾಕೆ ಹೇಳಿ? ನಮ್ಮ ಮಹಾಪ್ರಾಣಗಳನ್ನು ನೋಡಿ. ಶಾಲೆಯಲ್ಲಿ ಹೊಟ್ಟೆ ಸೀಳು, ಹೊಟ್ಟೆ ಸೀಳು ಎಂದು ಕಲಿಸುತ್ತೇವೆ. ಬ ಹೊಟ್ಟೆ ಸೀಳಿದರೆ ಭ. ದ ಹೊಟ್ಟೆ ಸೀಳಿದರೆ ಧ. ಡ ಸೀಳಿದರೆ ಢ. ರ ಒಳಗೆ ಚುಕ್ಕೆ ಇಟ್ಟರೆ ಠ. ಇಷ್ಟು ಸಣ್ಣ ಗುರುತಿನ ಮೇಲೆ ಅಕ್ಷರವೇ ಬದಲಾಗುತ್ತದೆ. ಸಣ್ಣ ಗೆರೆಯ ಪುಸ್ತಕದಲ್ಲಿ ದಪ್ಪ ನಿಬ್ಬಿನಿಂದ ಬರೆದರೆ ಆ ಸೀಳು ಮಸಿಯಲ್ಲೇ ಮುಚ್ಚಿಹೋಗುತ್ತದೆ. ಧನ ಹೋಗಿ ದನ ಆಗುತ್ತದೆ. ಒತ್ತಕ್ಷರ ಇನ್ನೂ ಸಣ್ಣದು. "ಸ್ತ್ರೀ", "ರಾಷ್ಟ್ರ" ಇಂಥ ಕಡೆ ಎರಡೆರಡು ಒತ್ತು ಒಂದರ ಪಕ್ಕ ಒಂದು ಕೂರಬೇಕು. ಅದಕ್ಕೆ ತೆಳು ಗೆರೆ ಬೇಕು.

ಹಿಂದೆ ನಮ್ಮ ಹುಡುಗರು ಚೀನಾದ ಶಾಂಘೈಯಿಂದ ಬರುವ ಹೀರೋ ಪೆನ್ನಿಗೆ ಆಸೆಪಡುತ್ತಿದ್ದರು. ಅದರ ನಿಬ್ಬು ಸಣ್ಣದಾಗಿ ಬರೆಯುತ್ತಿತ್ತು, ಕನ್ನಡಕ್ಕೆ ಚೆನ್ನಾಗಿ ಒಗ್ಗುತ್ತಿತ್ತು. ನಮ್ಮ ದೇಶದ ಪೆನ್ನುಗಳಿಗೂ ದೊಡ್ಡ ಚರಿತ್ರೆ ಇದೆ. ಆಂಧ್ರದ ರಾಜಮಂಡ್ರಿಯ ರತ್ನಂ ಪೆನ್ನು ಗಾಂಧೀಜಿಯ ಸ್ವದೇಶಿ ಕರೆಯಿಂದ 1930ರ ದಶಕದಲ್ಲಿ ಹುಟ್ಟಿದ್ದು. ಮಸಿಯ ವಿಷಯಕ್ಕೆ ಬಂದರೆ ಬ್ರಿಲ್ ನಮ್ಮ ಬೆಂಗಳೂರಿನದೇ. ಮಗುವಿನ ಮೊದಲ ಪೆನ್ನಿಗೆ ನೂರಿನ್ನೂರು ರೂಪಾಯಿಗಿಂತ ಹೆಚ್ಚು ಬೇಡ. ದುಬಾರಿ ಪೆನ್ನು ಕೊಟ್ಟರೆ ಮಗು ಹೆದರಿಕೆಯಿಂದ ಹಿಡಿಯುತ್ತದೆ. ಹೆದರಿದ ಕೈ ಮತ್ತೆ ಬಿಗಿಯುತ್ತದೆ.

ಕಾಗದವನ್ನು ಮಾತ್ರ ಅಗ್ಗದ್ದು ತರಬೇಡಿ. ತೆಳು ಕಾಗದದಲ್ಲಿ ಮಸಿ ಹರಡಿ ಅಕ್ಷರದ ಅಂಚು ಒಡೆಯುತ್ತದೆ, ಹಿಂದಿನ ಬದಿಗೂ ಕಾಣುತ್ತದೆ. ಆಗ ಮಗು ತನ್ನ ಅಕ್ಷರವೇ ಕೆಟ್ಟದ್ದು ಅಂದುಕೊಳ್ಳುತ್ತದೆ. ತಪ್ಪು ಕಾಗದದ್ದು. ಅಂಗಡಿಗೆ ಹೋಗುವಾಗ ಮಸಿ ತುಂಬಿದ ಪೆನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಪುಸ್ತಕದ ಕೊನೆ ಹಾಳೆಯ ಮೂಲೆಯಲ್ಲಿ ಅಂಗಡಿಯವರನ್ನು ಕೇಳಿ ಒಂದು ಅಕ್ಷರ ಬರೆದು ನೋಡಿ, ಆಮೇಲೆ ಕೊಳ್ಳಿ.

ಅಭ್ಯಾಸ ಹೇಗೆ ಮಾಡಿಸುವುದು? ಶಿಕ್ಷಕರಿಗೆ ನನ್ನದೊಂದು ಮನವಿ ಇದೆ. ಒಂದೇ ವಾಕ್ಯವನ್ನು ಇಪ್ಪತ್ತು ಸಲ ಕಾಪಿ ಬರೆಸುವುದನ್ನು ದಯವಿಟ್ಟು ನಿಲ್ಲಿಸಿ. ಆ ಪುಟಗಳನ್ನು ನೀವೇ ನೋಡಿ. ಮೊದಲ ಮೂರು ಸಾಲು ಚೆನ್ನಾಗಿರುತ್ತದೆ. ಆಮೇಲೆ ಮಗು ಮೇಲಿನ ಮಾದರಿ ನೋಡುವುದಿಲ್ಲ, ತಾನೇ ಬರೆದ ಹಿಂದಿನ ಸಾಲನ್ನು ನೋಡಿ ಬರೆಯುತ್ತದೆ. ತಪ್ಪು ತಪ್ಪನ್ನೇ ಹೆರುತ್ತಾ ಹೋಗುತ್ತದೆ. ಹತ್ತನೇ ಸಾಲಿಗೆ ಬೇಸರ, ಇಪ್ಪತ್ತನೇ ಸಾಲಿಗೆ ಸಿಟ್ಟು. ಕೈ ಕಲಿತದ್ದು ಬೇಗ ಮುಗಿಸುವುದನ್ನು ಮಾತ್ರ. ಶಿಕ್ಷೆಯಾಗಿ ಬರೆಸಿದ ಅಕ್ಷರ ಚೆನ್ನಾಗಿ ಬಂದದ್ದನ್ನು ನಾನಂತೂ ನೋಡಿಲ್ಲ.

ಅದರ ಬದಲು ದಿನಕ್ಕೆ ಹತ್ತು ನಿಮಿಷ ಸಾಕು. ಮೊದಲು ಅಕ್ಷರವೇ ಬೇಡ. ಸುಮ್ನೆ ಸುತ್ತು ಹಾಕಲಿ. ಎಡಕ್ಕೆ ಒಂದು ಸಾಲು, ಬಲಕ್ಕೆ ಒಂದು ಸಾಲು. ಕೈ ಸಡಿಲವಾಗಲಿ. ಆಮೇಲೆ ಆಕಾರ ಹೋಲುವ ಅಕ್ಷರಗಳನ್ನು ಒಟ್ಟಿಗೆ ಬರೆಯಲಿ. ಸರ್ಕಾರಿ ಶಾಲೆಯ ಎಳೆಯ ಮಕ್ಕಳಿಗೆ ಆಡುತ್ತಾ ಕಲಿಸುವ ನಲಿಕಲಿಯಲ್ಲಿ ರ, ಗ, ಸ, ದ, ಅ ಎಂದು ಶುರು ಮಾಡುತ್ತೇವಲ್ಲ, ಅಕಾರಾದಿಯಿಂದ ಅಲ್ಲ. ಸುಲಭದ ಆಕಾರ ಮೊದಲು ಕೈಗೆ ಬರಲಿ ಎಂದೇ. ದೊಡ್ಡವರ ಅಕ್ಷರ ತಿದ್ದುವುದಕ್ಕೂ ಅದೇ ದಾರಿ. ವ, ಮ ಜೊತೆಗೆ. ಪ, ಷ ಜೊತೆಗೆ. ದ, ಧ, ಥ ಜೊತೆಗೆ. ಎ, ಏ, ಐ ಜೊತೆಗೆ. ಆಮೇಲೆ ಇಷ್ಟವಾದ ಯಾವುದಾದರೂ ನಾಲ್ಕು ಸಾಲು. ವಚನ ಆಗಲಿ, ಪದ್ಯ ಆಗಲಿ, ಕ್ರಿಕೆಟ್ ಸುದ್ದಿ ಆದರೂ ಸರಿ. ಬರೆದ ಮೇಲೆ ಕೆಂಪು ಪೆನ್ನು ಮಗುವಿನ ಕೈಗೇ ಕೊಡಿ. ಇದರಲ್ಲಿ ಯಾವ ಅಕ್ಷರ ನಿನಗೆ ಚೆನ್ನಾಗಿ ಕಾಣುತ್ತದೆ, ಸುತ್ತು ಹಾಕು ಎಂದು ಹೇಳಿ. ತಪ್ಪಿಗೆ ಸುತ್ತು ಹಾಕುವುದು ಬೇಡ, ಚೆನ್ನಾಗಿರುವುದಕ್ಕೆ ಹಾಕಲಿ. ನಾಳೆ ಅದೇ ಅಕ್ಷರ ಅದಕ್ಕೆ ಮಾದರಿ. ತನ್ನದೇ ಕೈಯಿಂದ ಬಂದ ಒಳ್ಳೆಯ ಅಕ್ಷರದಷ್ಟು ಉತ್ಸಾಹ ಕೊಡುವುದು ಬೇರೊಂದಿಲ್ಲ.

ಜಾಗ ಬಿಡುವುದನ್ನು ಮರೆಯಬೇಡಿ. ಕನ್ನಡಕ್ಕೆ ಮೇಲೆ ಗುಡಿಸು, ಏತ್ವ ಬೇಕು. ಕೆಳಗೆ ಒತ್ತು, ವಟ್ರಸುಳಿ ಬೇಕು. ಸಾಲು ತುಂಬ ಹತ್ತಿರವಾದರೆ ಮೇಲಿನ ಒತ್ತು ಕೆಳಗಿನ ತಲೆಕಟ್ಟಿಗೆ ಡಿಕ್ಕಿ ಹೊಡೆಯುತ್ತದೆ. ಅಕ್ಷರ ಒಂದೊಂದೂ ಚೆನ್ನಾಗಿದ್ದು, ಪುಟ ಮಾತ್ರ ಬ್ರಹ್ಮಲಿಪಿಯಾಗಿ ಕಾಣುವುದು ಹೀಗೆ. ಅಭ್ಯಾಸಕ್ಕೆ ಅಗಲ ಗೆರೆಯ ಪುಸ್ತಕ ಕೊಡಿ.

ಮಸಿ ಸೋರುತ್ತದೆ ಎನ್ನುವುದು ಎಲ್ಲರ ದೂರು. ಅದಕ್ಕೂ ಕಾರಣ ಇದೆ. ಪೆನ್ನಿನಲ್ಲಿ ಮಸಿ ಕಡಿಮೆಯಾದಷ್ಟೂ ಗಾಳಿ ಹೆಚ್ಚು. ಗಾಳಿ ಬಿಸಿಯಾದರೆ ಹಿಗ್ಗುತ್ತದೆ, ಮಸಿಯನ್ನು ಹೊರಕ್ಕೆ ತಳ್ಳುತ್ತದೆ. ನಮ್ಮ ಏಪ್ರಿಲ್ ತಿಂಗಳ ಬಿಸಿಲು ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಫಿಲ್ಲರಿನಿಂದ ನೇರ ಹೊಟ್ಟೆಗೇ ಮಸಿ ತುಂಬುವ ಪೆನ್ನಿನಲ್ಲಿ ಇದು ಜಾಸ್ತಿ, ಏಕೆಂದರೆ ಅದರಲ್ಲಿ ಗಾಳಿಗೆ ಜಾಗ ಹೆಚ್ಚು. ಅರ್ಧ ಖಾಲಿಯಾದಾಗಲೇ ತುಂಬಿಸಿ. ಜೇಬಿನಲ್ಲಿ ನಿಬ್ಬು ಮೇಲೆ ಮಾಡಿ ಇಡಿ. ಬರೆಯುವುದು ನಿಲ್ಲಿಸಿದರೆ ಕ್ಯಾಪು ಹಾಕಿ, ಇಲ್ಲದಿದ್ದರೆ ತುದಿಯಲ್ಲಿ ಮಸಿ ಒಣಗುತ್ತದೆ. ಆಗಾಗ ನಿಬ್ಬನ್ನು ಬರೀ ತಣ್ಣೀರಿನಲ್ಲಿ ತೊಳೆಯಿರಿ. ಬಿಸಿನೀರು ಬೇಡ, ಸೋಪು ಬೇಡ. ಸಾಲ ಕೇಳಿದವರಿಗೆ ಪೆನ್ನು ಕೊಡಬೇಡ ಎಂದು ಮಕ್ಕಳಿಗೆ ಹೇಳಿಕೊಡಿ. ಜಿಪುಣತನ ಕಲಿಸಿದ ಹಾಗಾಗುವುದಿಲ್ಲ. ಕೇಳಿದವರು ಬಾಲ್ ಪೆನ್ನಿನಂತೆ ಒತ್ತಿ ಬರೆದರೆ ನಿಬ್ಬಿನ ಎಸಳು ಬಾಯಿ ಬಿಡುತ್ತವೆ, ಮತ್ತೆ ಕೂಡುವುದಿಲ್ಲ.

ಜೆಲ್ ಪೆನ್ನು ಸಾಲದೇ, ಅದಕ್ಕೂ ಒತ್ತಬೇಕಾಗಿಲ್ಲವಲ್ಲ ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಅದರ ಮಸಿಯೂ ನೀರಿನದೇ, ಹಗುರವಾಗಿಯೇ ಬರೆಯುತ್ತದೆ. ಮಣಿಕಟ್ಟು ನೋಯುವ ದೊಡ್ಡವರಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಅದು ಹೇಗೆ ಹಿಡಿದರೂ ಬರೆದುಕೊಡುತ್ತದೆ, ಒತ್ತಿದರೂ ತಡೆದುಕೊಳ್ಳುತ್ತದೆ. ಹಿಡಿತ ತಪ್ಪಿದೆ, ಒತ್ತಡ ಹೆಚ್ಚಿದೆ ಎಂದು ಅದು ಹೇಳುವುದಿಲ್ಲ. ಕಲಿಯುವ ಕೈಗೆ ಹೇಳುವ ಪೆನ್ನು ಬೇಕು.

ದಾವಣಗೆರೆ ವೈದ್ಯಕೀಯ ಕಾಲೇಜುಗಳ ಊರು, ಇಲ್ಲಿ ವೈದ್ಯ ವಿದ್ಯಾರ್ಥಿಗಳೂ ಕೂತಿದ್ದಾರೆ. ಅವರಿಗೊಂದು ಮಾತು. ಔಷಧಿಯ ಹೆಸರನ್ನು ಓದಲು ಬರುವಂತೆ, ಸಾಧ್ಯವಾದಷ್ಟು ಇಂಗ್ಲಿಷಿನ ಕ್ಯಾಪಿಟಲ್ ಅಕ್ಷರದಲ್ಲಿ ಬರೆಯಬೇಕು ಎಂದು ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲಿ ನಿಯಮವನ್ನೇ ಮಾಡಿತು. ನಿಯಮ ಮಾಡುವ ಮಟ್ಟಕ್ಕೆ ಮುಟ್ಟಿತ್ತು ಪರಿಸ್ಥಿತಿ. ಬಿಡುವಿಲ್ಲದೆ ಬರೆಯುವವರ ಕೈಯೇ ಮೊದಲು ಸೋಲುವುದು. ಔಷಧಿ ಅಂಗಡಿಯವರು ಊಹೆ ಮಾಡಿ ಮಾತ್ರೆ ಕೊಡುವ ಹಾಗಾಗಬಾರದು. ಓದುವ ದಿನಗಳಲ್ಲೇ ಕೈಯನ್ನು ಸಡಿಲ ಮಾಡಿಕೊಳ್ಳಿ.

ಎಲ್ಲ ಮಕ್ಕಳಿಗೂ ಪೆನ್ನು ಮದ್ದಲ್ಲ. ಕೆಲವು ಮಕ್ಕಳಿಗೆ ಎಷ್ಟು ಅಭ್ಯಾಸ ಮಾಡಿಸಿದರೂ ಅಕ್ಷರ ತಿರುಗುಮುರುಗಾಗುತ್ತದೆ, ಒಂದೇ ಪದದ ಅಕ್ಷರಗಳ ಅಳತೆ ಕೂಡುವುದಿಲ್ಲ, ನೋಡಿ ಬರೆಯುವಾಗಲೂ ಬಿಟ್ಟುಹೋಗುತ್ತದೆ. ಅದು ಸೋಮಾರಿತನವಲ್ಲ. ಡಿಸ್‌ಗ್ರಾಫಿಯಾ ಎನ್ನುವ ತೊಂದರೆ ಇರಬಹುದು. ಅಂಥ ಮಗುವಿಗೆ ಬೈದು, ಹೊಡೆದು, ಕಾಪಿ ಬರೆಸಿ ದಯವಿಟ್ಟು ನೋಯಿಸಬೇಡಿ. ಮಕ್ಕಳ ತಜ್ಞರಿಗೆ ತೋರಿಸಿ. ನಾನು ಹೇಳುತ್ತಿರುವ ಉಪಾಯ ಕೈ ಬಿಗಿದು ಕೆಟ್ಟ ಅಕ್ಷರಕ್ಕೆ ಮಾತ್ರ.

ಎಡಗೈ ಮಕ್ಕಳ ವಿಷಯ ಬೇರೆ. ನಾವು ಎಡದಿಂದ ಬಲಕ್ಕೆ ಬರೆಯುವುದರಿಂದ ಅವರ ಕೈ ಆಗ ತಾನೇ ಬರೆದ ಹಸಿ ಮಸಿಯ ಮೇಲೆ ಹಾದುಹೋಗುತ್ತದೆ. ಅದನ್ನು ತಪ್ಪಿಸಲು ಮಣಿಕಟ್ಟನ್ನು ಕೊಕ್ಕೆಯಂತೆ ಬಗ್ಗಿಸಿ ಮೇಲಿನಿಂದ ಬರೆಯುತ್ತಾರೆ. ಕೈಯನ್ನು ಸಾಲಿನ ಕೆಳಗೆ ಇಟ್ಟುಕೊಳ್ಳುವುದನ್ನು ಕಲಿಸಿ. ಕಾಗದವನ್ನು ಬಲಗಡೆಗೆ ಓರೆ ಮಾಡಿ ಕೊಡಿ. ಫೈನ್ ನಿಬ್ಬು, ಬೇಗ ಒಣಗುವ ಮಸಿ. ಯಾವುದೇ ಕಾರಣಕ್ಕೂ ಕೈ ಬದಲಿಸಲು ಒತ್ತಾಯ ಮಾಡಬೇಡಿ.

ಕೊನೆಗೆ ಪರೀಕ್ಷೆ. ಮೌಲ್ಯಮಾಪನದ ಕೋಣೆಯಲ್ಲಿ ಕೂತವರಿಗೆ ಗೊತ್ತು, ಕಟ್ಟು ಕಟ್ಟು ಉತ್ತರ ಪತ್ರಿಕೆ ನೋಡಿ ಕಣ್ಣು ಸೋತಿರುತ್ತದೆ. ಅಂದದ ಅಕ್ಷರಕ್ಕೆ ಅಂಕ ಕೊಡಬೇಕು ಅಂತಲ್ಲ. ಓದಲಾಗದ ಉತ್ತರಕ್ಕೆ ಅಂಕ ಹೇಗೆ ಕೊಡುವುದು? ಹಾಗೆಂದು ಫೆಬ್ರವರಿಯಲ್ಲಿ ಓಡಿಹೋಗಿ ಇಂಕ್ ಪೆನ್ನು ತರಬೇಡಿ. ಆಗಲೇ ಹೇಳಿದೆನಲ್ಲ, ಮೊದಲು ಕೆಲವು ದಿನ ಅಕ್ಷರ ಕೆಡುತ್ತದೆ. ಜೂನ್‌ನಲ್ಲಿ ಶಾಲೆ ಶುರುವಾದಾಗ ಕೊಡಿ. ಅರ್ಧವಾರ್ಷಿಕದ ಹೊತ್ತಿಗೆ ಕೈ 'ಹಗುರ' ಅಂದರೆ ಏನು ಅಂತ ತಿಳಿದಿರುತ್ತದೆ. ಆಮೇಲೆ ಪರೀಕ್ಷೆಯಲ್ಲಿ ಅದೇ ಪೆನ್ನಲ್ಲಿ ಬರೆಯಲಿ, ಇಲ್ಲವೇ ಜೆಲ್ ಪೆನ್ನಲ್ಲಿ ಬರೆಯಲಿ, ಚಿಂತೆ ಇಲ್ಲ. ಪತ್ರಿಕೆಯ ಮೇಲೆ ನೀರು ಬಿದ್ದರೆ ಸಾಧಾರಣ ಇಂಕ್ ಹರಡಿಬಿಡುತ್ತದೆ ಎಂಬುದನ್ನು ನೆನಪಿಟ್ಟುಕೊಂಡು, ಬೆವರುವ ಕೈಯವರು ಅಂಗೈ ಕೆಳಗೆ ಒಂದು ಕಾಗದದ ಚೂರು ಇಟ್ಟುಕೊಳ್ಳಲಿ.

ಹಿಂದಿನ ಮೇಜಿನ ಮೇಲೆ ಫೈನ್ ಮತ್ತು ಮೀಡಿಯಂ ನಿಬ್ಬಿನ ಪೆನ್ನುಗಳು, ಎರಡು ಬಗೆಯ ಕಾಗದ ಇಟ್ಟಿದ್ದೇನೆ. ನಿಮ್ಮ ಹೆಸರನ್ನು ಮೊದಲು ಬಾಲ್ ಪೆನ್ನಲ್ಲಿ ಬರೆಯಿರಿ, ಆಮೇಲೆ ಇಂಕ್ ಪೆನ್ನಲ್ಲಿ ಬರೆಯಿರಿ, ಹಾಳೆ ತಿರುಗಿಸಿ ಬೆರಳಾಡಿಸಿ. ಎಡಗೈ ಮಕ್ಕಳಿದ್ದರೆ ಮೊದಲು ಅವರು ಬರಲಿ, ಅವರಿಗೆ ಕಾಗದ ಓರೆ ಮಾಡುವುದನ್ನು ಪಕ್ಕದಲ್ಲಿ ನಿಂತೇ ತೋರಿಸುತ್ತೇನೆ.